ದಶಮಾಂಶ: ಪೂರ್ತಿ ಸಂಬಳದ ಮೇಲೋ, ಕೈಗೆ ಬರುವುದರ ಮೇಲೋ? ತೋಟದ ಆದಾಯಕ್ಕೆ ಲೆಕ್ಕ ಹೇಗೆ?

ಮಲೆನಾಡ_ಕಡೆಯವ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಮನೆ ಲೆಕ್ಕದ ಪುಸ್ತಕದಲ್ಲಿ ದಶಮಾಂಶಕ್ಕೆ, ಅಂದರೆ ಆದಾಯದಲ್ಲಿ ಹತ್ತರಲ್ಲೊಂದನ್ನು ಸಭೆಗೆ (ಚರ್ಚಿಗೆ) ಕೊಡುವ ಕಾಣಿಕೆಗೆ, ಒಂದು ಖಾಯಂ ಕಲಂ ಇಡಬೇಕೆಂದು ಗಂಡ ಹೆಂಡತಿ ಇಬ್ಬರೂ ಒಪ್ಪಿದ್ದೇವೆ. ಒಪ್ಪಿದ್ದು ಸುಲಭವಾಯಿತು, ಅಂಕಿ ಬರೆಯಲು ಕೂತಾಗ ತಲೆ ಕೆಟ್ಟಿತು. ವಿವರ ಹೀಗಿದೆ.

ಒಟ್ಟು ಸಂಬಳ 52,000. ಪಿಎಫ್ 1,800, ವೃತ್ತಿ ತೆರಿಗೆ 200, ಆರೋಗ್ಯ ವಿಮೆ 500 ಕಡಿತವಾಗಿ ಕೈಗೆ 49,500. ಮನೆ ಸಾಲದ ಕಂತು 14,000. ಕ್ರೆಡಿಟ್ ಕಾರ್ಡಿನಲ್ಲಿ 60,000 ಬಾಕಿ ಇದೆ, ತಿಂಗಳಿಗೆ 6,000 ಕಟ್ಟುತ್ತಿದ್ದೇವೆ. ಊರಿನಲ್ಲಿ ಅಪ್ಪನ ಜೊತೆ ಅರ್ಧ ಪಾಲಿನ ಅಡಿಕೆ ತೋಟ, ಸುಗ್ಗಿ ಮುಗಿದ ಮೇಲೆ ಒಂದೇ ಸಲ ದುಡ್ಡು. ಅಪ್ಪ ಅಮ್ಮನಿಗೆ ತಿಂಗಳಿಗೆ 6,000 ಕಳಿಸುತ್ತೇವೆ.

ನನ್ನ ಸಂಶಯಗಳು: ಹತ್ತರಲ್ಲೊಂದು ಎಂದರೆ 5,200 ಆ ಅಥವಾ 4,950 ಆ? ತೋಟಕ್ಕೆ ಖರ್ಚು ಕಳೆದು ಲೆಕ್ಕ ಹಾಕಬೇಕೋ, ಕಳೆಯದೆಯೋ? ಸಾಲ ಇರುವಾಗ ಕೊಡಬೇಕೇ? ಹೆತ್ತವರಿಗೆ ಕಳಿಸುವುದನ್ನು ಇದರಲ್ಲೇ ಸೇರಿಸಬಹುದೇ? ಸದಸ್ಯತ್ವ ಊರಿನ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿದೆ, ವಾರವಾರ ಹೋಗುವುದು ಬೆಂಗಳೂರಿನ ಸಭೆಗೆ, ಯಾವುದಕ್ಕೆ ಕೊಡುವುದು? ಜರ್ಮನಿಯಲ್ಲಿರುವ ನನ್ನ ತಮ್ಮ, ಊರಿನ ದೇವಾಲಯದ ಮಾಡು ರಿಪೇರಿಗೆ ಹಣ ಕಳಿಸುತ್ತೇನೆ ಎನ್ನುತ್ತಾನೆ, ಅದಕ್ಕೇನಾದರೂ ಕಾನೂನಿನ ತೊಡಕಿದೆಯೇ? ಕೊನೆಯದಾಗಿ, 80ಜಿ (ದೇಣಿಗೆಗೆ ಆದಾಯ ತೆರಿಗೆ ವಿನಾಯಿತಿ) ಸಿಗುತ್ತದೆಯೇ?

"ಕೊಟ್ಟು ನೋಡಿ, ದೇವರು ಆಶೀರ್ವದಿಸುತ್ತಾನೆ" ಎಂಬ ಉತ್ತರ ಈಗಾಗಲೇ ಸಾಕಷ್ಟು ಸಿಕ್ಕಿದೆ. ಲೆಕ್ಕ ಗೊತ್ತಿದ್ದವರು ಹೇಳಿ.

---

ವಾಕ್ಯ_ಓದುಗ

ಮೊದಲು ದಶಮಾಂಶ ಯಾವುದರ ಮೇಲೆ ಇತ್ತು ಎಂದು ನೋಡೋಣ, ಅರ್ಧ ಗೊಂದಲ ಅಲ್ಲೇ ಕರಗುತ್ತದೆ.

ಮೋಶೆಯ ಧರ್ಮಶಾಸ್ತ್ರದಲ್ಲಿ ದಶಮಾಂಶ ಬರುವುದು ಹೊಲದ ಬೆಳೆ, ದ್ರಾಕ್ಷಾರಸ, ಎಣ್ಣೆ ಮತ್ತು ದನಕುರಿಗಳ ಮೇಲೆ. ಯಾಜಕಕಾಂಡ 27ರಲ್ಲಿ ವಿಧಾನವೂ ಇದೆ: ಕುರುಬನ ಕೋಲಿನ ಕೆಳಗೆ ಹಾದುಹೋಗುವ ಪ್ರತಿ ಹತ್ತನೆಯ ಪ್ರಾಣಿ ಕರ್ತನಿಗೆ (ದೇವರಿಗೆ). ಅದು ಕೊಬ್ಬಿದ್ದೋ ಬಡಕಲೋ ಎಂದು ಆರಿಸುವಂತಿಲ್ಲ, ಬದಲಾಯಿಸುವಂತಿಲ್ಲ. ಬೆಳೆಯ ಬದಲು ಹಣ ಕೊಟ್ಟು ಬಿಡಿಸಿಕೊಳ್ಳುವುದಾದರೆ ಬೆಲೆಗೆ ಐದರಲ್ಲೊಂದು ಪಾಲು ಸೇರಿಸಬೇಕು. ಅಂದರೆ 1,000ದ ಧಾನ್ಯಕ್ಕೆ 1,200.

ಇದು ಯಾರಿಗೆ ಹೋಗುತ್ತಿತ್ತು? ಅರಣ್ಯಕಾಂಡ 18ರ ಪ್ರಕಾರ ಆರಾಧನೆಯ ಸೇವೆಗೆ ಮೀಸಲಾದ ಕುಲದವರಾದ ಲೇವಿಯರಿಗೆ, ಏಕೆಂದರೆ ಉಳಿದ ಕುಲಗಳಿಗೆ ಸಿಕ್ಕಂತೆ ಅವರಿಗೆ ಭೂಮಿಯ ಪಾಲು ಸಿಗಲಿಲ್ಲ. ಲೇವಿಯರು ತಮಗೆ ಬಂದದ್ದರಲ್ಲಿ ಹತ್ತರಲ್ಲೊಂದನ್ನು ಯಾಜಕರಿಗೆ ಕೊಡಬೇಕಿತ್ತು. ಪಡೆಯುವವನೂ ಕೊಡಬೇಕು ಎಂಬ ಈ ಭಾಗ ಪ್ರಸಂಗಗಳಲ್ಲಿ ಏಕೋ ಕೇಳಿಸುವುದು ಕಡಿಮೆ.

ಧರ್ಮೋಪದೇಶಕಾಂಡ 14ಕ್ಕೆ ಬಂದರೆ ಚಿತ್ರ ಬೇರೆ. ಅಲ್ಲಿನ ದಶಮಾಂಶವನ್ನು ಮನೆಯವರೆಲ್ಲ ಸೇರಿ ಕರ್ತನ ಸನ್ನಿಧಿಯಲ್ಲಿ ಊಟಮಾಡಿ ಸಂತೋಷಪಡಲು ಬಳಸುತ್ತಾರೆ. ದಾರಿ ದೂರವಾದರೆ ಮಾರಿ ಹಣ ಕಟ್ಟಿಕೊಂಡು ಹೋಗಿ ಅಲ್ಲಿ ಬೇಕಾದ್ದನ್ನು ಕೊಂಡುಕೊಳ್ಳಬಹುದು. ಮೂರನೆಯ ವರ್ಷದ ದಶಮಾಂಶ ಮಾತ್ರ ಊರಲ್ಲೇ ಉಳಿದು ಲೇವಿಯ, ಪರದೇಶಿ, ಅನಾಥ, ವಿಧವೆ ಇವರ ಪಾಲಾಗುತ್ತದೆ. ಏಳನೆಯ ವರ್ಷ ಭೂಮಿಗೆ ಬಿಡುವು, ಆಗ ದಶಮಾಂಶವೇ ಇಲ್ಲ. ಯೆಹೂದಿ ರಬ್ಬಿಗಳ ಓದಿನಲ್ಲಿ 1, 2, 4, 5ನೇ ವರ್ಷ ಲೇವಿಯರದ್ದರ ಜೊತೆ ಹಬ್ಬದ ದಶಮಾಂಶ, 3 ಮತ್ತು 6ನೇ ವರ್ಷ ಹಬ್ಬದ್ದರ ಜಾಗದಲ್ಲಿ ಬಡವರದ್ದು. ಹೀಗೆ ಕೊಡುವ ವರ್ಷಗಳಲ್ಲಿ ಸುಮಾರು ಶೇ 20. ಕೆಲವರು ಹೇಳುವ ಶೇ 23ರ ಲೆಕ್ಕ ಬಡವರ ದಶಮಾಂಶವನ್ನು ಮೂರನೆಯದಾಗಿ ಮೇಲಿಂದ ಸೇರಿಸಿದ್ದರಿಂದ ಬಂದದ್ದು. ಆದ್ದರಿಂದ "ಬೈಬಲ್ ಪ್ರಕಾರ ಶೇ 10" ಎಂದು ಗಟ್ಟಿಯಾಗಿ ಹೇಳುವವರು ಯಾವ ದಶಮಾಂಶದ ಮಾತಾಡುತ್ತಿದ್ದಾರೆಂದು ಕೇಳುವುದು ತಪ್ಪಲ್ಲ.

ಹೊಸ ಒಡಂಬಡಿಕೆಯಲ್ಲಿ ಪುದೀನ, ಜೀರಿಗೆಗೂ ದಶಮಾಂಶ ಕೊಟ್ಟು ನ್ಯಾಯ, ಕರುಣೆ, ನಂಬಿಕೆಯನ್ನು ಬಿಟ್ಟವರನ್ನು ಯೇಸು ಗದರಿಸುತ್ತಾನೆ (ಮತ್ತಾಯ 23:23). ಆದರೆ ಅದನ್ನು ಕೊಡಲೇಬೇಡಿ ಎನ್ನುವುದಿಲ್ಲ. ಪೌಲನು ಸಭೆಗಳಿಗೆ ಬರೆದ ಪತ್ರಗಳಲ್ಲಿ ಪ್ರಮಾಣವನ್ನೇ ನಿಗದಿ ಮಾಡಿಲ್ಲ. 1 ಕೊರಿಂಥ 16:2ರಲ್ಲಿ ಅವನು ಕೊಟ್ಟಿರುವುದು ಕ್ರಮ: ವಾರದ ಮೊದಲ ದಿನ, ಪ್ರತಿಯೊಬ್ಬನೂ, ತನ್ನ ವರಮಾನಕ್ಕೆ ತಕ್ಕಂತೆ, ತೆಗೆದಿಡುವುದು. 2 ಕೊರಿಂಥ 8:12ರಲ್ಲಿ ಇರುವುದಕ್ಕೆ ತಕ್ಕಂತೆ ಎಂದೂ, 9:7ರಲ್ಲಿ ಬಲವಂತದಿಂದ ಕೂಡದು ಎಂದೂ ಇದೆ. ಆದರೂ ಅಲ್ಲಿ ಹೊಗಳಿಸಿಕೊಂಡವರು ತಮ್ಮ ಶಕ್ತಿಗೆ ಮೀರಿ ಕೊಟ್ಟ ಮಕೆದೋನ್ಯದ ಬಡವರು. ಜಕ್ಕಾಯ ಅರ್ಧ ಆಸ್ತಿ ಕೊಟ್ಟ, ಬಡ ವಿಧವೆ ಎರಡು ಕಾಸು ಹಾಕಿದಳು. ಹೀಗಾಗಿ ಹತ್ತನ್ನು ನಾನು ಶುರುವಿನ ಗುರುತಾಗಿ ಓದುತ್ತೇನೆ. ಆದಾಯ ಬೆಳೆದಾಗ ಅಲ್ಲೇ ನಿಂತುಬಿಡಲು ಪೌಲನ ಪತ್ರಗಳಲ್ಲಿ ಆಧಾರ ಕಾಣುವುದಿಲ್ಲ.

ಹೆತ್ತವರ ವಿಷಯ. ಮಾರ್ಕ 7ರಲ್ಲಿ "ಇದು ಕೊರ್ಬಾನ್, ದೇವರಿಗೆ ಮೀಸಲು" ಎಂದು ಹೇಳಿ ತಂದೆ ತಾಯಿಗೆ ಕೊಡದೆ ಇದ್ದವರನ್ನು ಯೇಸು ಖಂಡಿಸುತ್ತಾನೆ. ಸಭೆಗೆ ಕೊಡಬೇಕೆಂದು ಆ 6,000 ನಿಲ್ಲಿಸಿದರೆ ನೇರವಾಗಿ ಆ ಸಾಲಿಗೆ ಸೇರುತ್ತೀರಿ. ಹಾಗೆಂದು ಅದನ್ನು ದಶಮಾಂಶವೆಂದು ಬರೆದುಕೊಳ್ಳುವುದೂ ಸರಿಯಲ್ಲ, ಮನೆಯವರನ್ನು ಸಾಕುವುದು 1 ತಿಮೊಥೆಯ 5:8ರ ಪ್ರಕಾರ ಕರ್ತವ್ಯ. ಮನೆ ಖರ್ಚಿನ ಕಲಂನಲ್ಲಿ ಬರೆಯಿರಿ.

---

ಖಜಾಂಚಿ_ಧಾರವಾಡ

ಮೇಲಿನವರು ಬುನಾದಿ ಹಾಕಿಕೊಟ್ಟರು, ನಾನು ಅಂಕಿಗೆ ಬರುತ್ತೇನೆ.

5,200 ಮತ್ತು 4,950, ಎರಡರ ನಡುವೆ ಇರುವುದು 250 ರೂಪಾಯಿ. ಇದರ ಮೇಲೆ ಸಭೆಗಳಲ್ಲಿ ಎಷ್ಟು ಗಂಟೆ ವಾದವಾಗಿದೆಯೋ! ಯಾವುದನ್ನಾದರೂ ಆರಿಸಿ, ಆದರೆ ಆರಿಸಿದ ಮೇಲೆ ಪಿಎಫ್ ವಿಷಯದಲ್ಲಿ ತಪ್ಪಬೇಡಿ. ಜನ ಎಡವುವುದು ಅಲ್ಲಿ. ಒಟ್ಟು ಸಂಬಳದ ಮೇಲೆ ಕೊಟ್ಟರೆ ನಿಮ್ಮ 1,800ಕ್ಕೆ ಈಗಲೇ ಕೊಟ್ಟಾಯಿತು. ಪಿಎಫ್ ಹಣ ಕೈಗೆ ಬಂದ ದಿನ ಕಂಪನಿ ಹಾಕಿದ ಪಾಲು ಮತ್ತು ಬಡ್ಡಿಗೆ ಮಾತ್ರ ಲೆಕ್ಕ ಹಾಕಿ. ಕೈಗೆ ಬಂದದ್ದರ ಮೇಲೆ ಕೊಡುವವರು ಪಿಎಫ್ ಬಂದಾಗ ಪೂರ್ತಿ ಮೊತ್ತಕ್ಕೆ ಹಾಕಬೇಕು. ಮೂವತ್ತು ವರ್ಷದ ಬಳಿಕ ಯಾವ ಪದ್ಧತಿ ಅನುಸರಿಸಿದ್ದೆವೆಂದು ಯಾರಿಗೂ ನೆನಪಿರುವುದಿಲ್ಲ, ಆದ್ದರಿಂದ ಪುಸ್ತಕದ ಮೊದಲ ಪುಟದಲ್ಲೇ ಬರೆದಿಡಿ. ವಿಮೆಯ 500 ನಿಮ್ಮದೇ ಖರ್ಚು, ಕಂಪನಿ ಹಿಡಿದುಕೊಂಡಿತೆಂಬ ಮಾತ್ರಕ್ಕೆ ಅದು ಆದಾಯವಲ್ಲ ಎನ್ನಲಾಗದು. ನನ್ನ ಓಟು 5,200ಕ್ಕೆ.

ತೋಟ. ಬೆಳೆಗೆ ಹಾಕಿದ ಕೈಯಿಂದ ಹೋದ ಖರ್ಚನ್ನು ಕಳೆಯಿರಿ: ಕೊನೆ ತೆಗೆಯುವ ಕೂಲಿ, ಸುಲಿಯುವ ಕೂಲಿ, ಗೊಬ್ಬರ, ಬೋರ್ಡೋ ಔಷಧಿ ಹೊಡೆಸಿದ್ದು, ಮಂಡಿಗೆ ಸಾಗಿಸಿದ ಬಾಡಿಗೆ, ಸೊಸೈಟಿಯ ಬೆಳೆ ಸಾಲದ ಬಡ್ಡಿ. ಉದಾಹರಣೆಗೆ ಮಾರಾಟ 2,40,000, ಖರ್ಚು 90,000 ಎಂದಿಟ್ಟುಕೊಂಡರೆ ಉಳಿದದ್ದು 1,50,000. ನಿಮ್ಮ ಅರ್ಧ ಪಾಲು 75,000, ಅದಕ್ಕೆ 7,500. ಅಪ್ಪನ ಪಾಲಿನ ತೀರ್ಮಾನ ಅಪ್ಪನದು, ಅವರ ಪರವಾಗಿ ನೀವು ಹಾಕಬೇಡಿ. ಕಳೆಯಬಾರದವು ಎರಡಿವೆ. ಮನೆಯವರೇ ಮೈಮುರಿದು ದುಡಿದದ್ದಕ್ಕೆ ಕೂಲಿ ಕಟ್ಟಿ ಕಳೆಯಬೇಡಿ, ಆ ಕೂಲಿಯೇ ನಿಮ್ಮ ಆದಾಯ. ಸಾಲದ ಅಸಲನ್ನೂ ಕಳೆಯಬೇಡಿ. ಪಂಪ್‌ಸೆಟ್‌ನಂಥ ದೊಡ್ಡ ಖರ್ಚನ್ನು ಒಂದೇ ವರ್ಷಕ್ಕೆ ಹಾಕದೆ ನಾಲ್ಕೈದು ವರ್ಷಕ್ಕೆ ಹಂಚಿ. ಇಲ್ಲದಿದ್ದರೆ ಪಂಪು ತಂದ ವರ್ಷ ದಶಮಾಂಶ ಸೊನ್ನೆಯಾಗುತ್ತದೆ.

ಅಂಗಡಿ ಇಟ್ಟವರು ಇದನ್ನು ಓದುತ್ತಿದ್ದರೆ ಅವರಿಗೂ ಒಂದು ಮಾತು: ವ್ಯಾಪಾರದ ಮೊತ್ತ ಆದಾಯವಲ್ಲ. ತಿಂಗಳಿಗೆ 3,00,000 ವ್ಯಾಪಾರ, ಮಾಲಿಗೆ 2,70,000, ಬಾಡಿಗೆ, ಕರೆಂಟು, ಹುಡುಗನ ಸಂಬಳಕ್ಕೆ 12,000 ಹೋದರೆ ಲಾಭ 18,000. ದಶಮಾಂಶ 1,800. ಗಲ್ಲಾ ನೋಡಿ 30,000 ಕೊಟ್ಟರೆ ಲಾಭವೆಲ್ಲ ಹೋಗಿ ಬಂಡವಾಳದಲ್ಲಿ 12,000 ಕರಗುತ್ತದೆ. ನಾಲ್ಕು ತಿಂಗಳಲ್ಲಿ ಸಾಲದ ಮಾಲು, ಆರು ತಿಂಗಳಲ್ಲಿ ಬಾಗಿಲು. "ದಶಮಾಂಶ ಕೊಟ್ಟೂ ನಷ್ಟವಾಯಿತು" ಎಂಬ ದೂರುಗಳಲ್ಲಿ ಕೆಲವು ಹೀಗೆ ಹುಟ್ಟಿದವು.

ಇನ್ನು ಸಣ್ಣಪುಟ್ಟವು. ಸಾಲವಾಗಿ ಬಂದ ಹಣ ಆದಾಯವಲ್ಲ. ಚೀಟಿ ಎತ್ತಿದ ಹಣ ನಿಮ್ಮದೇ ಕಂತು ವಾಪಸ್ ಬಂದದ್ದು, ಡಿವಿಡೆಂಡ್ ಉಳಿದರೆ ಅಷ್ಟಕ್ಕೆ ಮಾತ್ರ. ಎಲ್‌ಐಸಿ ಪಾಲಿಸಿ ಮುಗಿದಾಗ ಕಟ್ಟಿದ ಕಂತು ಬಿಟ್ಟು ಹೆಚ್ಚಿಗೆ ಬಂದದ್ದಕ್ಕೆ. ಸೈಟು ಮಾರಿದರೆ ಕೊಂಡ ಬೆಲೆ, ನೋಂದಣಿ ಖರ್ಚು ಕಳೆದ ಲಾಭಕ್ಕೆ. ಬೆಳೆ ಹಾನಿಗೆ ಬಂದ ಪರಿಹಾರ ನಷ್ಟ ತುಂಬಿದ್ದು, ಬಿಟ್ಟುಬಿಡಿ. ಬೋನಸ್, ಅರಿಯರ್ಸ್ ಖಂಡಿತ ಸೇರುತ್ತವೆ, ಮತ್ತು ಮರೆತುಹೋಗುವುದೂ ಅವೇ.

ಕೊಡುವ ವಿಧಾನ. ಸಂಬಳ ಬಂದ ದಿನವೇ ಬೇರೆ ಉಳಿತಾಯ ಖಾತೆಗೆ ತಾನಾಗಿ ಹೋಗುವಂತೆ ಬ್ಯಾಂಕಿನಲ್ಲಿ ಸ್ಥಾಯಿ ಸೂಚನೆ ಕೊಡಿ. ತಿಂಗಳ ಕೊನೆಗೆ ಉಳಿದದ್ದರಲ್ಲಿ ಕೊಡುತ್ತೇನೆ ಎಂದರೆ ಯಾವ ತಿಂಗಳೂ ಉಳಿಯುವುದಿಲ್ಲ. ಯುಪಿಐ ಮೂಲಕ ಕೊಡುವಾಗ ಹೆಸರು ಸಭೆಯ ಖಾತೆಯದ್ದೇ ಎಂದು ತೆರೆಯ ಮೇಲೆ ನೋಡಿಕೊಂಡೇ ಒತ್ತಿ. ಗೋಡೆಗೆ ಅಂಟಿಸಿದ ಕ್ಯೂಆರ್ ಒಬ್ಬ ವ್ಯಕ್ತಿಯ ಸ್ವಂತ ಖಾತೆಗೆ ಹೋಗುತ್ತಿದ್ದರೆ ಸಮಿತಿಯನ್ನು ಕೇಳಿ. ಅದು ಅಪನಂಬಿಕೆಯಲ್ಲ, ನಾಳೆ ಆ ಮನುಷ್ಯನ ಮೇಲೇ ಅಪವಾದ ಬರದಿರಲಿ ಎಂಬ ಕಾಳಜಿ.

---

ಕಲ್ಯಾಣ_ಕರ್ನಾಟಕದವ

ಸಾಲದ ಪ್ರಶ್ನೆಗೆ ಯಾರೂ ಕೈ ಹಾಕಲಿಲ್ಲ. ಮನೆ ಸಾಲ ಮತ್ತು ಕಾರ್ಡಿನ ಸಾಲ ಒಂದೇ ಅಲ್ಲ. ಮನೆ ಸಾಲದ ಕಂತು ಬಾಡಿಗೆಯ ಜಾಗದಲ್ಲಿರುವ ಖರ್ಚು, ಅದು ಮುಗಿಯಲಿ ಎಂದು ಇಪ್ಪತ್ತು ವರ್ಷ ಕಾಯುವುದರಲ್ಲಿ ಅರ್ಥವಿಲ್ಲ. ಕಾರ್ಡಿನ ಸಾಲ ಬೇರೆ ಜಾತಿಯದು. ತಿಂಗಳಿಗೆ ಶೇ 3.5ರಂತೆ ಬಡ್ಡಿ ಇದ್ದರೆ 60,000ಕ್ಕೆ ಮೊದಲ ತಿಂಗಳೇ 2,100.

ಹೊಸ ಖರೀದಿ ಪೂರ್ತಿ ನಿಲ್ಲಿಸಿ, ಈಗಿನಂತೆ 6,000 ಕಟ್ಟುತ್ತಾ ಹೋದರೆ 13 ತಿಂಗಳು, ಬಡ್ಡಿ ಸುಮಾರು 15,000. ಕೈಗೆ ಬರುವುದರ ಶೇ 3, ಅಂದರೆ ಸುಮಾರು 1,500 ಕಾಣಿಕೆ ಕೊಟ್ಟು, ದಶಮಾಂಶದಲ್ಲಿ ಉಳಿದ 3,450ನ್ನು ಕಾರ್ಡಿಗೆ ಸೇರಿಸಿ 9,450 ಕಟ್ಟಿದರೆ 8 ತಿಂಗಳು, ಬಡ್ಡಿ ಸುಮಾರು 9,000. ಬಡ್ಡಿಯ ಮೇಲಿನ ಜಿಎಸ್‌ಟಿ ಬೇರೆ. ಬ್ಯಾಂಕಿಗೆ 6,000 ಹೆಚ್ಚಿಗೆ ಕಟ್ಟಿ ಯಾರ ಹೊಟ್ಟೆ ತುಂಬುತ್ತದೆ? ಎಂಟು ತಿಂಗಳ ಬಳಿಕ ಪೂರ್ತಿ ಹತ್ತಕ್ಕೆ ಬನ್ನಿ, ಆಮೇಲೆ ಪ್ರತಿ ಇನ್‌ಕ್ರಿಮೆಂಟಿಗೆ ಶೇ 1 ಏರಿಸಿ. ಕಾರ್ಡಿನ ಬಾಕಿಯನ್ನು ಕಡಿಮೆ ಬಡ್ಡಿಯ ವೈಯಕ್ತಿಕ ಸಾಲಕ್ಕೆ ತಿರುಗಿಸಿಕೊಳ್ಳಲಾದರೆ ಇನ್ನೂ ಬೇಗ.

ಸಾಲ ಮಾಡಿ ದಶಮಾಂಶ ಕೊಡುವುದನ್ನಂತೂ ಖಂಡಿತ ಮಾಡಬೇಡಿ. ಕಿರಾಣಿ ಅಂಗಡಿಯಲ್ಲಿ ಮೂರು ತಿಂಗಳ ಬಾಕಿ ಇಟ್ಟು ಭಾನುವಾರ ಲಕೋಟೆ ಹಾಕಿದರೆ, ಹಾಕಿದ್ದು ಅಂಗಡಿಯವನ ದುಡ್ಡು.

"ಬೀಜ ಬಿತ್ತಿ, ನೂರರಷ್ಟು ಕೊಯ್ಯಿರಿ" ಎಂದು ಟಿವಿಯಲ್ಲಿ ಖಾತೆ ಸಂಖ್ಯೆ ಓಡಿಸುವವರ ಕಡೆಗೂ ಹೋಗಬೇಡಿ. ಅವರು ಹಿಡಿಯುವ 2 ಕೊರಿಂಥ 9:6 ಯೆರೂಸಲೇಮಿನ ಬಡ ವಿಶ್ವಾಸಿಗಳಿಗಾಗಿ ಎತ್ತಿದ ಚಂದಾದ ಬಗ್ಗೆ ಬರೆದದ್ದು, ಬರೆದವನ ಖಾತೆಗೆ ಹಾಕಿಸಿಕೊಳ್ಳಲು ಬರೆದದ್ದಲ್ಲ.

---

ವಾಕ್ಯ_ಓದುಗ

ಟಿವಿ ವಿಷಯದಲ್ಲಿ ಸಹಮತ. ಆದರೆ ಶೇ 3ಕ್ಕೆ ಇಳಿಸುವ ಸಲಹೆ ಪೂರ್ತಿ ಒಪ್ಪಿಗೆಯಾಗಲಿಲ್ಲ ಬ್ರದರ್. ಮೊದಲ ಫಲ ಎಂಬುದು ಬೆಳೆಯ ಮೊದಲಲ್ಲಿ ತೆಗೆಯುವಂಥದ್ದು, ಬಾಕಿ ಚುಕ್ತಾ ಆದ ಮೇಲೆ ಅಲ್ಲ. ಸಾಲ ತೀರಲಿ ಎಂದು ಮುಷ್ಟಿ ಬಿಗಿದವರು ಸಾಲ ತೀರಿದ ಮೇಲೂ ಹಾಗೇ ಉಳಿಯುವುದೇ ಹೆಚ್ಚು. 3,450ನ್ನು ಹೋಟೆಲು, ಓಟಿಟಿ, ಬಟ್ಟೆಯ ಕಲಂಗಳಿಂದ ಮೊದಲು ಹುಡುಕಲಿ, ಸಿಗದಿದ್ದರೆ ಮಾತ್ರ ಕಾಣಿಕೆಗೆ ಕೈ ಹಾಕಲಿ. ಇಳಿಸುವುದೇ ಆದರೆ ಮತ್ತೆ ಹತ್ತಕ್ಕೆ ಬರುವ ತಿಂಗಳನ್ನು ಪುಸ್ತಕದಲ್ಲಿ ಬರೆದು ಇಬ್ಬರೂ ಸಹಿ ಹಾಕಲಿ.

---

ಕಲ್ಯಾಣ_ಕರ್ನಾಟಕದವ

ದಿನಾಂಕ ಬರೆಯುವುದಕ್ಕೆ ಒಪ್ಪಿದೆ. ಉಳಿದದ್ದರಲ್ಲಿ ನಾನು ನನ್ನ ಜಾಗದಲ್ಲೇ ಇದ್ದೇನೆ, ಶೇ 42ರ ವಾರ್ಷಿಕ ಬಡ್ಡಿಗೆ ಮೊದಲ ಫಲ ಯಾವುದು ಕೊನೆಯ ಫಲ ಯಾವುದು ಎಂದು ಗೊತ್ತಾಗುವುದಿಲ್ಲ.

---

ತೆರಿಗೆ_ಕಡತ

80ಜಿ ಮತ್ತು ಜರ್ಮನಿಯ ಹಣ, ಇವೆರಡಕ್ಕೆ ಮಾತ್ರ ಉತ್ತರಿಸುತ್ತೇನೆ.

ನಿಮ್ಮ ವಾರ್ಷಿಕ ಸಂಬಳ 6,24,000. ಹೊಸ ತೆರಿಗೆ ಪದ್ಧತಿಯಲ್ಲಿ 2025-26ರಿಂದ 12 ಲಕ್ಷದವರೆಗಿನ ಆದಾಯಕ್ಕೆ ರಿಯಾಯಿತಿ ಸಿಕ್ಕಿ ತೆರಿಗೆ ಸೊನ್ನೆಯಾಗುತ್ತದೆ. ಆ ಪದ್ಧತಿಯಲ್ಲಿ 80ಜಿ ವಿನಾಯಿತಿಯೂ ಇಲ್ಲ, ನಿಮಗೆ ಅದು ಬೇಕಾಗಿಯೂ ಇಲ್ಲ. ನಿಮ್ಮ ಮಟ್ಟಿಗೆ ಪ್ರಶ್ನೆ ಇಲ್ಲಿಗೆ ಮುಗಿಯಿತು. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದು ಕಲಂ ಸಂಖ್ಯೆಗಳು ಬದಲಾಗಿದ್ದರೂ ಜನರ ಬಾಯಲ್ಲಿ ಅದು 80ಜಿಯೇ.

ಹಳೆಯ ಪದ್ಧತಿಯಲ್ಲಿ ಇರುವವರಿಗಾಗಿ: ಒಂದೇ ಧಾರ್ಮಿಕ ಸಮುದಾಯದ ಹಿತಕ್ಕಾಗಿ ಇರುವ ಸಂಸ್ಥೆಗೆ ಈ ಮಾನ್ಯತೆ ಸಿಗುವುದಿಲ್ಲ, ಧಾರ್ಮಿಕ ಕಾರ್ಯಕ್ಕೆ ಒಟ್ಟು ಆದಾಯದ ಶೇ 5ಕ್ಕಿಂತ ಹೆಚ್ಚು ಖರ್ಚು ಮಾಡುವಂತಿಲ್ಲ. ಆದ್ದರಿಂದ ಸಾಮಾನ್ಯವಾಗಿ ಸ್ಥಳೀಯ ಸಭೆಗೆ ಕೊಟ್ಟ ದಶಮಾಂಶಕ್ಕೆ ವಿನಾಯಿತಿ ಇರುವುದಿಲ್ಲ. ಮಿಷನ್ ಆಸ್ಪತ್ರೆ, ಅನಾಥಾಲಯ, ಶಾಲೆ ನಡೆಸುವ ಟ್ರಸ್ಟಿಗೆ ಇರಬಹುದು. ಅಲ್ಲೂ ನಗದಾಗಿ 2,000ಕ್ಕಿಂತ ಹೆಚ್ಚು ಕೊಟ್ಟರೆ ಲೆಕ್ಕಕ್ಕೆ ಬರುವುದಿಲ್ಲ, ಚೆಕ್ಕು ಅಥವಾ ಬ್ಯಾಂಕ್ ವರ್ಗಾವಣೆಯೇ ಆಗಬೇಕು. ಬರೀ ರಸೀದಿ ಸಾಲದು, ಸಂಸ್ಥೆ ತನ್ನ ದೇಣಿಗೆ ವಿವರವನ್ನು ಇಲಾಖೆಗೆ ಸಲ್ಲಿಸಿ ದೇಣಿಗೆಯ ಪ್ರಮಾಣಪತ್ರ (ಹಳೆಯ ಕಾಯ್ದೆಯಲ್ಲಿ 10ಬಿಇ ನಮೂನೆ) ಕೊಡಬೇಕು. ಅದರಲ್ಲಿ ನಿಮ್ಮ ಪ್ಯಾನ್ ಸಂಖ್ಯೆ ತಪ್ಪಿದ್ದರೆ ರಿಟರ್ನ್‌ನಲ್ಲಿ ಮೊತ್ತ ತಾಳೆಯಾಗುವುದಿಲ್ಲ.

ಉಳಿತಾಯ ಎಷ್ಟು? ಶೇ 50ರ ವರ್ಗದ ಸಂಸ್ಥೆಗೆ 12,000 ಕೊಟ್ಟರೆ ಕಡಿತ 6,000. ಶೇ 20ರ ಹಂತದಲ್ಲಿದ್ದರೆ ತೆರಿಗೆ 1,200, ಸೆಸ್ ಸೇರಿ 1,248 ಉಳಿಯುತ್ತದೆ. 10,000 ಕೊಟ್ಟವರಿಗೆ 50,000ದ ರಸೀದಿ ಬರೆದುಕೊಡುತ್ತೇವೆ ಎನ್ನುವ ಸಂಸ್ಥೆ ಸಿಕ್ಕರೆ ದೂರವಿರಿ. ದೇವರ ಹೆಸರಲ್ಲಿ ಬರೆದರೂ ಸುಳ್ಳು ರಸೀದಿ ಸುಳ್ಳೇ.

ಜರ್ಮನಿಯ ತಮ್ಮ. ಅವರ ಬಳಿ ಭಾರತದ ಪಾಸ್‌ಪೋರ್ಟ್ ಇದ್ದು, ಸ್ವಂತ ಉಳಿತಾಯದಿಂದ, ಬ್ಯಾಂಕಿನ ಮೂಲಕ ಕಳಿಸಿದರೆ ಅದು ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ಅರ್ಥದಲ್ಲಿ ವಿದೇಶಿ ದೇಣಿಗೆಯಲ್ಲ. ಪಾಸ್‌ಪೋರ್ಟಿನ ಪ್ರತಿ ಮತ್ತು ಅವರ ಒಂದು ಪತ್ರವನ್ನು ಸಭೆಯ ಕಡತದಲ್ಲಿ ಇಡಲಿ. ಎರಡು ಕಡೆ ಎಡವಟ್ಟಾಗುತ್ತದೆ. ಒಂದು, ಜರ್ಮನ್ ಗೆಳೆಯರು ಕೊಟ್ಟ 500 ಯೂರೋವನ್ನು ತನ್ನ ಹಣದ ಜೊತೆ ಸೇರಿಸಿ ಕಳಿಸುವುದು. ಆ ಭಾಗ ವಿದೇಶಿ ಮೂಲದ್ದು, ಎಫ್‌ಸಿಆರ್‌ಎ ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದ ಸಭೆ ಅದನ್ನು ಪಡೆಯುವಂತಿಲ್ಲ. ಇನ್ನೊಂದು, ಮುಂದೆ ಜರ್ಮನ್ ಪೌರತ್ವ ತೆಗೆದುಕೊಂಡರೆ ಓಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಇದ್ದರೂ ಅವರೇ ವಿದೇಶಿ ಮೂಲ. ನೋಂದಣಿ ಇರುವ ಸಂಸ್ಥೆಯೂ ಮೊದಲು ಹಣ ಪಡೆಯಬೇಕಾದದ್ದು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯಲ್ಲಿ ತೆರೆದ ಖಾತೆಗೆ. ಅದನ್ನು ಇನ್ನೊಂದು ಸಂಸ್ಥೆಗೆ ದಾಟಿಸುವುದನ್ನು 2020ರ ತಿದ್ದುಪಡಿ ನಿಷೇಧಿಸಿದೆ, ಆದ್ದರಿಂದ "ಅವರ ಖಾತೆಗೆ ಹಾಕಿ ನಮಗೆ ಕೊಡಲಿ" ಎಂಬ ಹಳೆಯ ದಾರಿ ಈಗಿಲ್ಲ.

ತಮ್ಮನಿಗೆ ಇನ್ನೊಂದು ಮಾಹಿತಿ. ಅಲ್ಲಿ ವಿಳಾಸ ನೋಂದಾಯಿಸುವಾಗ ಪ್ರೊಟೆಸ್ಟೆಂಟ್ ಅಥವಾ ಕ್ಯಾಥೊಲಿಕ್ ಎಂದು ಬರೆಸಿದ್ದರೆ ಸಂಬಳದಿಂದ ಚರ್ಚ್ ತೆರಿಗೆ ಕಡಿತವಾಗುತ್ತದೆ. ಬವೇರಿಯ ಮತ್ತು ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯಗಳಲ್ಲಿ ಶೇ 8, ಉಳಿದೆಡೆ ಶೇ 9. ಇದು ಆದಾಯ ತೆರಿಗೆಯ ಮೇಲಿನ ಶೇಕಡಾವಾರು, ಆದಾಯದ್ದಲ್ಲ. ಅದನ್ನು ದಶಮಾಂಶದಲ್ಲಿ ಕಳೆದುಕೊಳ್ಳಬೇಕೋ ಬೇಡವೋ ಎಂಬುದನ್ನು ವಾಕ್ಯ ಬಲ್ಲವರು ಹೇಳಲಿ.

---

ಮಲೆನಾಡ_ಕಡೆಯವ

ಇಷ್ಟು ವಿವರ ಸಿಗುತ್ತದೆಂದು ಅಂದುಕೊಂಡಿರಲಿಲ್ಲ, ಎಲ್ಲರಿಗೂ ವಂದನೆ. ಕಾರ್ಡಿನ ವಿಷಯ ಮನೆಯಲ್ಲಿ ಕೂತು ಮಾತಾಡುತ್ತೇವೆ. ಎರಡು ಸಭೆಗಳ ಪ್ರಶ್ನೆ ಉಳಿಯಿತು. ಜೊತೆಗೆ ಇನ್ನೊಂದು: ಊರಿನ ಬೆಳೆ ಹಬ್ಬದಲ್ಲಿ ಏಲಂ ಕೂಗುವಾಗ ಒಂದು ತೆಂಗಿನಕಾಯಿ 1,500ಕ್ಕೆ ಹೋಗುತ್ತದೆ. ಆ ದುಡ್ಡು ದಶಮಾಂಶವೇ?

---

ಖಜಾಂಚಿ_ಧಾರವಾಡ

ನಿಮ್ಮನ್ನು ಈಗ ಪಾಲಿಸುತ್ತಿರುವ ಸಭೆಗೆ ದೊಡ್ಡ ಪಾಲು. ಗಲಾತ್ಯ 6:6 ಹೇಳುವುದೂ ಅದನ್ನೇ, ವಾಕ್ಯ ಕಲಿಸುವವನ ಜೊತೆ ಹಂಚಿಕೊಳ್ಳಬೇಕು. ಊರಿನ ಸಭೆಯಲ್ಲಿ ಸದಸ್ಯತ್ವ ಉಳಿಸಿಕೊಳ್ಳುವುದಾದರೆ ಅಲ್ಲಿನ ವಂತಿಗೆ ಬಾಕಿ ಇಡಬೇಡಿ. ಓಟಿನ ಹಕ್ಕು, ಸದಸ್ಯರ ಪಟ್ಟಿ ಎಂಬ ಮಾತು ಬಂದಾಗ ಮೊದಲು ತೆಗೆಯುವುದು ವಂತಿಗೆ ಪುಸ್ತಕವನ್ನೇ. 5,200ರಲ್ಲಿ 3,700 ಬೆಂಗಳೂರಿಗೆ, 500 ಊರಿಗೆ, 1,000 ಬಡವರಿಗೆ ಎಂದು ಶುರುಮಾಡಬಹುದು. ತೋಟದ 7,500ನ್ನು ಊರಿನ ಸಭೆಗೇ ಕೊಡುವುದು ನನಗೆ ಸಹಜವೆನಿಸುತ್ತದೆ, ಬೆಳೆ ಬಂದದ್ದು ಆ ಮಣ್ಣಿನಿಂದ.

ಸಭೆಗಳ ವ್ಯವಸ್ಥೆ ಒಂದೇ ಥರ ಇಲ್ಲವೆಂಬುದೂ ಗಮನದಲ್ಲಿರಲಿ. ಸಿಎಸ್‌ಐನಲ್ಲಿ ಸಭಾಪಾಲಕರ ಸಂಬಳದ ಹೊಣೆ, ವರ್ಗಾವಣೆ ಎಲ್ಲ ಡಯಾಸಿಸ್ (ಬಿಷಪ್ಪರ ಆಡಳಿತ ಪ್ರಾಂತ) ಮಟ್ಟದ್ದು, ಸಭೆಯು ತನ್ನ ಪಾಲನ್ನು ಅಲ್ಲಿಗೆ ಕಟ್ಟುತ್ತದೆ. ಸ್ವತಂತ್ರ ಸಭೆಗಳಲ್ಲಿ ಪಾಸ್ಟರ್ ಮನೆಯ ಒಲೆ ನೇರವಾಗಿ ನಿಮ್ಮ ಲಕೋಟೆಯ ಮೇಲೆ ನಿಂತಿರುತ್ತದೆ. ಸೆವೆಂತ್ ಡೇ ಅಡ್ವೆಂಟಿಸ್ಟರಲ್ಲಿ ದಶಮಾಂಶ ಪೂರ್ತಿ ಮೇಲಿನ ಮಂಡಳಿಗೆ ಹೋಗುತ್ತದೆ, ಸ್ಥಳೀಯ ಕರೆಂಟು ಬಿಲ್ಲಿಗೆ ಪ್ರತ್ಯೇಕ ಕಾಣಿಕೆ ಬೇಕು. ಕ್ಯಾಥೊಲಿಕರಲ್ಲಿ ಧರ್ಮಸಭೆಯ ಅಗತ್ಯಗಳಿಗೆ ಶಕ್ತ್ಯನುಸಾರ ನೆರವಾಗುವುದು ಕಟ್ಟಳೆ, ಶೇಕಡಾವಾರು ಇಲ್ಲ. ಪೂಜೆಯ ಉದ್ದೇಶಕ್ಕೆ ಕೊಡುವ ಕಾಣಿಕೆ ಅಲ್ಲಿ ಬೇರೆಯದೇ ಲೆಕ್ಕ.

ಕೊಡುವ ಮೊದಲು ಎಣಿಕೆ ಹೇಗೆ ನಡೆಯುತ್ತದೆಂದು ನೋಡಿ. ಆರಾಧನೆ ಮುಗಿದ ಕೂಡಲೇ, ದೇವಾಲಯದಲ್ಲೇ, ಒಂದೇ ಮನೆಯವರಲ್ಲದ ಕನಿಷ್ಠ ಇಬ್ಬರು ಎಣಿಸಬೇಕು. ಯಾವ ಮುಖಬೆಲೆಯ ನೋಟು ಎಷ್ಟೆಂದು ಚೀಟಿ ಬರೆದು ಇಬ್ಬರೂ ಸಹಿ ಹಾಕಬೇಕು. ಸೋಮವಾರ ಅಷ್ಟೂ ಹಣ ಬ್ಯಾಂಕಿಗೆ ಹೋಗಬೇಕು. ಚೀಲದಿಂದಲೇ 800 ತೆಗೆದು ಶಾಮಿಯಾನದವನಿಗೆ ಕೊಟ್ಟು ಉಳಿದದ್ದನ್ನು ಜಮಾ ಮಾಡುವುದು ಎಲ್ಲ ಕಡೆ ಕಾಣುವ ತಪ್ಪು. ಕದ್ದವರು ಯಾರೂ ಇಲ್ಲ, ಆದರೂ ವರ್ಷದ ಕೊನೆಗೆ ಕಾಣಿಕೆ ಪುಸ್ತಕ ಮತ್ತು ಪಾಸ್‌ಬುಕ್ ತಾಳೆಯಾಗುವುದಿಲ್ಲ, ಅನುಮಾನ ಶುರುವಾಗುತ್ತದೆ. ಲಕೋಟೆಯ ಮೇಲೆ ಹೆಸರಿನ ಬದಲು ಸಂಖ್ಯೆ ಇದ್ದರೆ ಎಣಿಸುವವರಿಗೆ ಯಾರದೆಂದು ತಿಳಿಯದು, ಖಜಾಂಚಿಯ ಪಟ್ಟಿಯಲ್ಲಿ ಮಾತ್ರ ಇರುತ್ತದೆ. ಯಾರು ಎಷ್ಟು ಕೊಟ್ಟರೆಂದು ವೇದಿಕೆಯಿಂದ ಓದುವ ಸಭೆಗಳೂ ಇವೆ, ಗುಟ್ಟಾಗಿ ಕೊಡಿ ಎನ್ನುವ ಮತ್ತಾಯ 6 ಅವರ ಬೈಬಲಿನಲ್ಲಿ ಇಲ್ಲವೇನೋ. ಮಾಡಿನ ರಿಪೇರಿಗೆಂದು ಬಂದದ್ದನ್ನು ಬೇರೆ ಖರ್ಚಿಗೆ ತಿರುಗಿಸಬಾರದು, ಹೆಂಚು ಹಾಕಿ ಮಿಕ್ಕರೆ ಕೊಟ್ಟವರನ್ನೇ ಕೇಳಬೇಕು.

ಇದೆಲ್ಲ ಆಧುನಿಕ ಆಡಿಟ್ ಹುಚ್ಚು ಎನ್ನುವವರಿಗೆ ನೆಹೆಮೀಯ 13 ತೋರಿಸಿ. ದಶಮಾಂಶ ಕೂಡಿಡುವ ದೊಡ್ಡ ಕೋಣೆಯನ್ನು ಯಾಜಕನೇ ತನ್ನ ಸಂಬಂಧಿಗೆ ಬಿಟ್ಟುಕೊಟ್ಟಿದ್ದ, ಲೇವಿಯರು ಪಾಲು ಸಿಗದೆ ಹೊಲಕ್ಕೆ ಮರಳಿದ್ದರು. ನೆಹೆಮೀಯ ಕೋಣೆ ಖಾಲಿ ಮಾಡಿಸಿದ, ಆಮೇಲೆ ಬಂಡಾರಕ್ಕೆ ಒಬ್ಬ ಯಾಜಕ, ಒಬ್ಬ ಲೇಖಕ, ಒಬ್ಬ ಲೇವಿಯ ಮತ್ತು ಅವರಿಗೊಬ್ಬ ಸಹಾಯಕನನ್ನು ನೇಮಿಸಿದ. ದಶಮಾಂಶವನ್ನೆಲ್ಲ ಬಂಡಾರಕ್ಕೆ ತನ್ನಿ ಎನ್ನುವ ಮಲಾಕಿಯ 3:10 ಓದಿ ಜನರನ್ನು ಹೆದರಿಸುವವರು ಈ ಅಧ್ಯಾಯವನ್ನೂ ಜೊತೆಗೆ ಓದಬೇಕು. ಪೌಲನೂ ಚಂದಾ ಹಣವನ್ನು ಒಬ್ಬನ ಕೈಯಲ್ಲಿ ಕಳಿಸಲಿಲ್ಲ, ತೀತನ ಜೊತೆ ಇನ್ನಿಬ್ಬರನ್ನು ಕಳಿಸಿದ, ಯಾರೂ ತಪ್ಪು ಹೊರಿಸದಿರಲಿ ಎಂದೇ (2 ಕೊರಿಂಥ 8:18-22).

ಏಲಂ ಬಗ್ಗೆ. 1,500ಕ್ಕೆ ಕೂಗಿದ ಕಾಯಿಯ ಪೇಟೆ ಬೆಲೆ ಕಳೆದು ಉಳಿದದ್ದು ಕಾಣಿಕೆ. ಅದನ್ನು ದಶಮಾಂಶದ ಕಲಂಗೆ ತರಬೇಡಿ, ಕಾಣಿಕೆಗೆ ಬೇರೆ ಕಲಂ ಇಡಿ. ಕೂಗಾಟದ ಹುಮ್ಮಸ್ಸಿನಲ್ಲಿ 5,000ಕ್ಕೆ ಹೋಗಿ, ಹಣ ಆಮೇಲೆ ಕೊಡುತ್ತೇನೆಂದು ಬರೆಸಿ, ಮುಂದಿನ ಬೆಳೆ ಹಬ್ಬ ಬಂದರೂ ಕೊಡದವರ ಪಟ್ಟಿ ಎಷ್ಟೋ ಸಭೆಗಳಲ್ಲಿದೆ. ಆದ್ದರಿಂದ ಹಬ್ಬಕ್ಕೆ ಹೋಗುವ ಮೊದಲೇ ಮಿತಿ ಗೊತ್ತುಮಾಡಿಕೊಂಡು, ಅಷ್ಟನ್ನೇ ಜೇಬಿನಲ್ಲಿಟ್ಟುಕೊಂಡು ಹೋಗಿ.

---

ವಾಕ್ಯ_ಓದುಗ

ಜರ್ಮನಿಯ ಚರ್ಚ್ ತೆರಿಗೆ ಅಲ್ಲಿನ ಸಭೆಗೇ ಹೋಗುವುದರಿಂದ ದಶಮಾಂಶದಲ್ಲಿ ಕಳೆದುಕೊಂಡರೆ ನನಗೆ ಆಕ್ಷೇಪವಿಲ್ಲ. ಆದರೆ ಅದು ತೆರಿಗೆಯ ಶೇ 9. ತಿಂಗಳಿಗೆ 4,000 ಯೂರೋ ಸಂಬಳದಲ್ಲಿ ಆದಾಯ ತೆರಿಗೆ 600 ಯೂರೋ ಎಂದಿಟ್ಟುಕೊಂಡರೆ ಚರ್ಚ್ ತೆರಿಗೆ 54. ಹತ್ತರಲ್ಲೊಂದು 400. ಉಳಿದ 346ರಲ್ಲಿ ಊರಿನ ಮಾಡಿಗೆ ಹೆಂಚು ಬಂದೀತು.